ಕಾಲ್ಚೆಂಡಿನ ಸಂಘಕ್ಕೆ ಬಡ್ತಿಯ ಭಾರ

ಕಚೇರಿಯ ಕಾರಕೂನನಿಗೆ ಬಡ್ತಿ ಬಂದಿತೆಂದರೆ ಅಂದು ಮನೆಯಲ್ಲಿ ಸಿಹಿ ಊಟ. ಆದರೆ ಬಡ್ತಿಯ ಹುಕುಮಿನ ಕೆಳಗಿನ ಸಾಲಿನಲ್ಲಿಯೇ ವರ್ಗಾವಣೆಯ ಮಾತೂ ಇರುವುದುಂಟು. ಗದುಗಿನ ಸ್ವಂತ ಮನೆ ಬಿಟ್ಟು ಬೆಂಗಳೂರಿನ ಬಾಡಿಗೆ ಮನೆ ಸೇರಿದ ಮೇಲೆ, ಹೆಚ್ಚಿದ ಸಂಬಳ ಎತ್ತ ಹರಿದುಹೋಯಿತೆಂದು ತಿಂಗಳ ಕೊನೆಗೆ ಲೆಕ್ಕ ಹಾಕುವವರು ಕಡಿಮೆಯೇನಲ್ಲ. ಊರುಗಳಿಗೂ ಈ ಮಾತು ಸಲ್ಲುತ್ತದೆ. 1997ರಲ್ಲಿ ಗದಗ ಜಿಲ್ಲಾಸ್ಥಳವಾಯಿತು. ಈಚೆಗೆ ಲಕ್ಷ್ಮೇಶ್ವರವು ಶಿರಹಟ್ಟಿಯಿಂದ ಬೇರೆಯಾಗಿ ತಾಲೂಕಾಯಿತು. ಹೆಸರು ಒಂದೇ ದಿನದಲ್ಲಿ ದೊಡ್ಡದಾಗುತ್ತದೆ. ಅದಕ್ಕೆ ತಕ್ಕ ಕಚೇರಿ, ರಸ್ತೆ, ನೀರು ಒಂದೇ ದಿನದಲ್ಲಿ ಬರುವುದಿಲ್ಲ. ಕಾಲ್ಚೆಂಡಿನ ಸಂಘಗಳ ಇತಿಹಾಸದಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ: ಕಷ್ಟದಲ್ಲಿರುವ ಸಂಘಕ್ಕೆ ಮೇಲಿನ ದರ್ಜೆ ದೊರೆತರೆ ಅದು ಯಾವಾಗಲೂ ಒಳ್ಳೆಯದೆ?

ಸಂಘಗಳನ್ನು ದರ್ಜೆಗಳಾಗಿ ವಿಂಗಡಿಸಿ, ಗೆದ್ದವರನ್ನು ಮೇಲಕ್ಕೂ ಸೋತವರನ್ನು ಕೆಳಕ್ಕೂ ಕಳಿಸುವ ಪದ್ಧತಿ ಇಂಗ್ಲಂಡಿನದು. ಅಲ್ಲಿ 1888ರಲ್ಲಿ ಫುಟ್‌ಬಾಲ್ ಲೀಗ್ ಸ್ಥಾಪನೆಯಾಯಿತು. 1892ರಲ್ಲಿ ಎರಡನೆಯ ದರ್ಜೆ ಹುಟ್ಟಿತು. ಈ ಏಣಿಯನ್ನು ಹತ್ತಿ ಇಳಿದವರ ಕಥೆಯಲ್ಲಿ ನಾರ್ಥಾಂಪ್ಟನ್ ಪಟ್ಟಣದ್ದು ಬಹು ಪ್ರಸಿದ್ಧ. ನಮ್ಮ ಬೆಟಗೇರಿ ನೇಯ್ಗೆಗೆ ಹೆಸರಾದಂತೆ ಆ ಊರು ಬೂಟು ತಯಾರಿಕೆಗೆ ಹೆಸರಾದುದು. ಅದರ ಸಂಘವು 1961ರಲ್ಲಿ ನಾಲ್ಕನೆಯ ದರ್ಜೆಯಿಂದ ಹೊರಟು, 1963ರಲ್ಲಿ ಎರಡನೆಯ ದರ್ಜೆಯನ್ನೂ 1965ರಲ್ಲಿ ಮೊದಲನೆಯದನ್ನೂ ಮುಟ್ಟಿತು. ಅಲ್ಲಿ ನಿಂತುದು ಒಂದೇ ಒಂದು ವರ್ಷ. 1966ರಲ್ಲಿ ಇಳಿಯಿತು, 1967ರಲ್ಲಿ ಮತ್ತೆ ಇಳಿಯಿತು, 1969ರಲ್ಲಿ ಹೊರಟ ಜಾಗಕ್ಕೇ ಬಂದು ಕುಳಿತಿತು. ಎಂಟು ವರ್ಷಗಳಲ್ಲಿ ಏರಿಕೆಯೂ ಮುಗಿಯಿತು, ಇಳಿತವೂ ಮುಗಿಯಿತು.

ಇನ್ನು ನಮ್ಮ ದೇಶಕ್ಕೆ ಬರೋಣ. ಕಲಕತ್ತೆಯ ಲೀಗಿನ ಮೊದಲ ದರ್ಜೆಯಲ್ಲಿ ಎರಡಕ್ಕಿಂತ ಹೆಚ್ಚು ಭಾರತೀಯ ಸಂಘಗಳು ಇರಬಾರದೆಂಬ ಕಟ್ಟಳೆ ಒಂದು ಕಾಲಕ್ಕೆ ಇದ್ದಿತು. 1920ರಲ್ಲಿ ಹುಟ್ಟಿದ ಈಸ್ಟ್ ಬೆಂಗಾಲ್ ಸಂಘವು ಆ ಕಟ್ಟಳೆಯನ್ನು ಸಡಿಲಿಸಿಕೊಂಡು 1925ರಲ್ಲಿ ಒಳಗೆ ಬಂದಿತು. ಅಲ್ಲಿ ಬಡ್ತಿಯೆಂದರೆ ಬರಿಯ ಆಟದ ಮಾತಾಗಿರಲಿಲ್ಲ, ಸಮಾನತೆಯ ಹಕ್ಕಿನ ಮಾತೂ ಆಗಿದ್ದಿತು. ಹೀಗೆ ಹೋರಾಡಿ ಪಡೆದ ಸ್ಥಾನವನ್ನು ಸಂಘವು 1928ರಲ್ಲಿ ಕಳೆದುಕೊಂಡಿತು. ಆದರೆ ಎದೆಗುಂದಲಿಲ್ಲ, 1931ರಲ್ಲಿ ಎರಡನೆಯ ದರ್ಜೆ ಗೆದ್ದು ಮರಳಿ ಮೇಲೇರಿತು, 1942ರಲ್ಲಿ ಲೀಗನ್ನೇ ಗೆದ್ದಿತು.

ಮೊಹಮ್ಮಡನ್ ಸ್ಪೋರ್ಟಿಂಗ್ ಸಂಘದ ಕಥೆ ಇದಕ್ಕಿಂತ ಬೆರಗಿನದು. ಎರಡನೆಯ ದರ್ಜೆಯಿಂದ ಬಂದು 1934ರಲ್ಲಿ ಮೊದಲ ದರ್ಜೆಯಲ್ಲಿ ಕಾಲಿಟ್ಟ ವರ್ಷವೇ ಲೀಗನ್ನು ಗೆದ್ದಿತು. ಹಾಗೆ ಗೆದ್ದ ಮೊದಲ ಭಾರತೀಯ ಸಂಘವೂ ಅದೇ. 1938ರವರೆಗೆ ಸತತ ಐದು ವರ್ಷ ಪ್ರಶಸ್ತಿ ಅದರ ಮನೆಯಲ್ಲಿಯೇ ಉಳಿಯಿತು. ಬೆಂಗಳೂರೂ ಸೇರಿ ಹಲವು ಊರುಗಳಿಂದ ಆಟಗಾರರನ್ನು ಕರೆಸಿಕೊಂಡದ್ದು, ಮಳೆಯ ಕೆಸರಿನಲ್ಲಿ ಬೂಟು ತೊಟ್ಟು ಆಡಿದ್ದು ಅದರ ಬಲ. ಇನ್ನೊಂದು ಕಾರಣವನ್ನು ಮಾತ್ರ ನಾವು ಮರೆಯುತ್ತೇವೆ. ಅಂದಿನ ಲೀಗು ಕಲಕತ್ತೆಯ ಮೈದಾನದಲ್ಲಿಯೇ ನಡೆಯುತ್ತಿತ್ತು. ಕೆಳಗಿನ ದರ್ಜೆಯಲ್ಲಿದ್ದಾಗ ನಡೆದುಹೋಗುತ್ತಿದ್ದ ಆಟಗಾರ ಮೇಲಿನ ದರ್ಜೆಯಲ್ಲಿಯೂ ಅಲ್ಲಿಗೇ ಹೋಗುತ್ತಿದ್ದ. ನೋಡುವ ಜನ ಹೆಚ್ಚಿದರು. ಪ್ರಯಾಣದ ಖರ್ಚು ಹೆಚ್ಚಲಿಲ್ಲ.

ಕನ್ನಡ ನಾಡಿನ ಕಾಲ್ಚೆಂಡಿಗೆ ಮೊದಲು ಕೀರ್ತಿ ತಂದದ್ದು ದರ್ಜೆಯಲ್ಲ, ಪಂದ್ಯಾವಳಿ. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿಯೂ 1938ರಲ್ಲಿಯೂ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದುಕೊಂಡು ಬಂದಿತು. ಕಪ್ಪಿನ ಪಂದ್ಯವೆಂದರೆ ಜಾತ್ರೆಗೆ ಹೋಗಿಬಂದ ಹಾಗೆ: ಕೆಲವು ದಿನದ ಖರ್ಚು, ಗೆದ್ದರೆ ಹೆಸರು, ಸೋತರೂ ಮನೆಗೆ ಮರಳಬಹುದು. ಲೀಗಿನ ಬಡ್ತಿ ಹಾಗಲ್ಲ. ಅದು ಹೊಸ ಊರಿನಲ್ಲಿ ಸಂಸಾರ ಹೂಡಿದ ಹಾಗೆ, ವರ್ಷವಿಡೀ ನಡೆಸಬೇಕು.

ಬೆಂಗಳೂರಿನ ಎಚ್.ಎ.ಎಲ್. ತಂಡ ಇದನ್ನು ಅನುಭವಿಸಿ ಕಂಡಿತು. 1940ರಲ್ಲಿ ಆರಂಭವಾದ ವಿಮಾನ ಕಾರ್ಖಾನೆಯ ತಂಡವದು. 2010ರಲ್ಲಿ ಓ.ಎನ್.ಜಿ.ಸಿ. ತಂಡದೊಡನೆ ಎರಡನೆಯ ದರ್ಜೆಯಿಂದ ಬಡ್ತಿ ಪಡೆದು ಐ-ಲೀಗಿಗೆ ಬಂದಿತು. ಹದಿನಾಲ್ಕು ತಂಡಗಳು, ತಲಾ 26 ಪಂದ್ಯಗಳು; ಇಂದು ಗೋವೆ, ನಾಳೆ ಕಲಕತ್ತೆ, ಆಮೇಲೆ ಪುಣೆ, ಮುಂಬಯಿ. ನೈಜೀರಿಯದ ರಂಟಿ ಮಾರ್ಟಿನ್ಸ್, ಒಡಾಫಾ ಒಕೋಲಿಯಂಥ ದುಬಾರಿ ಆಟಗಾರರು ಎದುರು ತಂಡಗಳಲ್ಲಿದ್ದರು. ಮೊದಲ ವರ್ಷ ಎಚ್.ಎ.ಎಲ್. ಹೇಗೋ ಉಳಿದುಕೊಂಡಿತು. 2011–12ರ ಕೊನೆಗೆ ಕೇರಳದ ಚಿರಾಗ್ ಯುನೈಟೆಡ್ ತಂಡದೊಡನೆ ಕೆಳಗಿಳಿಯಿತು. ಆಟಗಾರರ ಶ್ರಮದಲ್ಲಿ ಕೊರತೆಯಿತ್ತೆಂದು ಹೇಳಲಾಗದು. ಕಾರ್ಖಾನೆಯ ತಂಡದ ಕಟ್ಟಡವೇ ಬೇರೆ, ಅಲ್ಲಿ ಬೇಕಾದ ಕಟ್ಟಡವೇ ಬೇರೆ.

ಮರುವರ್ಷವೇ, 2013ರಲ್ಲಿ, ಬೆಂಗಳೂರು ಎಫ್.ಸಿ. ಹುಟ್ಟಿತು. ಒಂದು ದೊಡ್ಡ ಉದ್ಯಮದ ಹಣ ಬೆನ್ನಿಗಿದ್ದ ಈ ಸಂಘ ಕೆಳಗಿನ ಮೆಟ್ಟಿಲನ್ನು ಹತ್ತಲೇ ಇಲ್ಲ. ನೇರವಾಗಿ ಐ-ಲೀಗಿಗೆ ಪ್ರವೇಶ ಪಡೆದು, ಸುನಿಲ್ ಛೇತ್ರಿಯ ನಾಯಕತ್ವದಲ್ಲಿ ಮೊದಲ ಋತುವಿನಲ್ಲಿಯೇ ಪ್ರಶಸ್ತಿ ಗೆದ್ದಿತು. ಅದೇ ನಗರದ ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು ಮಾತ್ರ 2024ರಲ್ಲಿ ಮೆಟ್ಟಿಲು ಹತ್ತಿಯೇ ಐ-ಲೀಗಿಗೆ ಬಂದು, 2025ರಲ್ಲಿ ಇಳಿಯಿತು. 1934ರ ವೀರರಾದ ಮೊಹಮ್ಮಡನ್ ಸ್ಪೋರ್ಟಿಂಗ್ ಸಹ 2023–24ರ ಐ-ಲೀಗನ್ನು ಗೆದ್ದು ಮೇಲಿನ ಇಂಡಿಯನ್ ಸೂಪರ್ ಲೀಗಿಗೆ ಬಡ್ತಿ ಪಡೆಯಿತು. ಮರು ಋತುವಿನಲ್ಲಿ ಹದಿಮೂರು ತಂಡಗಳಲ್ಲಿ ಹದಿಮೂರನೆಯದಾಯಿತು. ಆಟಗಾರರ ಸಂಬಳ ಬಾಕಿ ಉಳಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಅದೇ ಹೆಸರು, ಅದೇ ಊರು. ಆದರೆ ಒಂದೇ ಮೈದಾನದಲ್ಲಿ ಮುಗಿಯುತ್ತಿದ್ದ ಲೀಗು ಈಗ ದೇಶವನ್ನೆಲ್ಲ ವ್ಯಾಪಿಸಿದೆ.

ಈ ಅಂತರವನ್ನು ನಮ್ಮ ಕಡೆಯ ದಾರಿಯಲ್ಲಿಯೇ ಅಳೆದು ನೋಡಬಹುದು. ಗದಗ-ಬೆಟಗೇರಿಯ ಹುಡುಗರು ಲಕ್ಷ್ಮೇಶ್ವರಕ್ಕೋ ಶಿರಹಟ್ಟಿಗೋ ಮುಂಡರಗಿಗೋ ಆಡಲು ಹೋದರೆ, ಬುತ್ತಿ ಕಟ್ಟಿಕೊಂಡು ಬೆಳಿಗ್ಗೆಯ ಬಸ್ಸು ಹಿಡಿದು ರಾತ್ರಿಯ ಊಟಕ್ಕೆ ಮನೆ ಸೇರಬಹುದು. ಅದೇ ತಂಡ ಬೆಂಗಳೂರಿನವರೆಗೆ ಆಡಬೇಕಾದರೆ ರೈಲಿನ ಟಿಕೆಟ್ಟು, ವಸತಿ, ಕೆಲಸಕ್ಕೆ ರಜೆ, ಗಾಯವಾದರೆ ವೈದ್ಯರ ಖರ್ಚು. ಗೆದ್ದ ದಿನ ಹಾರ ಹಾಕಲು ಊರೆಲ್ಲ ಬರುತ್ತದೆ. ಮೂರನೆಯ ತಿಂಗಳ ಬಿಲ್ಲು ಬಂದಾಗ ಚಿಟಣೀಸರೊಬ್ಬರೇ ಉಳಿಯುತ್ತಾರೆ.

ಹಾಗೆಂದು ಏರಲೇಬಾರದೆ? ಏರುವ ಆಸೆಯಿಲ್ಲದ ಆಟಕ್ಕೆ ಉಸಿರಿಲ್ಲ. ಏರದೆ ಇದ್ದಿದ್ದರೆ ಈಸ್ಟ್ ಬೆಂಗಾಲಿನ 1942 ಬರುತ್ತಿರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದರು. ಹಾಸಿಗೆಯನ್ನು ಹೊಲಿದು ಉದ್ದ ಮಾಡಿಕೊಳ್ಳಬಾರದೆಂದು ಹೇಳಲಿಲ್ಲ. ಎರಡು ವರ್ಷದ ಖರ್ಚಿಗೆ ದಾರಿ, ಎಳೆಯ ಆಟಗಾರರ ಒಂದು ಪಡೆ, ಸೋತ ವರ್ಷವೂ ಮೈದಾನಕ್ಕೆ ಬರುವ ಜನ—ಈ ಮೂರು ಇದ್ದರೆ ಬಡ್ತಿ ಭಾಗ್ಯ. ಇಲ್ಲದಿದ್ದರೆ ಇನ್ನೊಂದು ವರ್ಷ ಕೆಳಗೇ ನಿಂತು ಅವನ್ನು ಕೂಡಿಸಿಕೊಳ್ಳುವುದರಲ್ಲಿ ಯಾವ ಅವಮಾನವೂ ಇಲ್ಲ.