ಬಹಿಯಾ ಕರಾವಳಿ: ವಸಾಹತು ಇತಿಹಾಸ ಮತ್ತು ಪ್ರವಾಸ

ಬ್ರೆಜಿಲ್‌ನ ಈಶಾನ್ಯದಲ್ಲಿರುವ ಬಹಿಯಾ ರಾಜ್ಯಕ್ಕೆ ಸುಮಾರು 1,100 ಕಿಲೋಮೀಟರ್ ಅಟ್ಲಾಂಟಿಕ್ ತೀರವಿದೆ. ಆ ದೇಶದ ಬೇರೆ ಯಾವ ರಾಜ್ಯಕ್ಕೂ ಇಷ್ಟು ಉದ್ದದ ಕಡಲತಡಿಯಿಲ್ಲ. ಪೋರ್ಚುಗೀಸರು ಬ್ರೆಜಿಲ್‌ನ ನೆಲವನ್ನು ಮೊದಲು ಕಂಡದ್ದು ಇಲ್ಲಿ; ಅವರ ಮೊದಲ ರಾಜಧಾನಿ ಎದ್ದದ್ದೂ ಇಲ್ಲಿಯೇ. ಪ್ರವಾಸದ ಜಾಹೀರಾತುಗಳು ಮರಳನ್ನು ಒಂದು ಕಡೆ, ಹಳೆಯ ಇಗರ್ಜಿಗಳನ್ನು ಇನ್ನೊಂದು ಕಡೆ ಇಟ್ಟು ತೋರಿಸುತ್ತವೆ. ನೋಡಹೋದರೆ ಅವೆರಡನ್ನೂ ಬೇರ್ಪಡಿಸುವುದು ಕಷ್ಟ. ಹೆಸರಾಂತ ಬೀಚುಗಳಲ್ಲಿ ಹಲವು ಒಂದು ಕಾಲದಲ್ಲಿ ಕೋಟೆಯ ಅಂಗಳಗಳು, ಹಡಗು ತಂಗುತ್ತಿದ್ದ ತಾಣಗಳು. ಅಂಚಿನ ತೆಂಗಿನ ಸಾಲು ಕೂಡ ಪೋರ್ಚುಗೀಸರ ಹಡಗಿನಲ್ಲಿ ಬಂದ ಸಸಿಗಳ ಸಂತತಿ.

1500ರ ಮಾರ್ಚ್‌ನಲ್ಲಿ ಪೆದ್ರೊ ಆಲ್ವಾರಿಸ್ ಕಬ್ರಾಲ್ 13 ಹಡಗುಗಳೊಂದಿಗೆ ಲಿಸ್ಬನ್‌ನಿಂದ ಹೊರಟದ್ದು ಭಾರತಕ್ಕೆ. ಏಪ್ರಿಲ್ 22ರಂದು ದಿಗಂತದಲ್ಲಿ ಒಂದು ಗುಡ್ಡ ಕಾಣಿಸಿತು. ಈಸ್ಟರ್ ಕಾಲವಾದ್ದರಿಂದ ಅದಕ್ಕೆ ಮೊಂಚಿ ಪಾಸ್ಕೊಆಲ್ ಎಂದು ಹೆಸರಿಟ್ಟರು. ನಾಲ್ಕು ದಿನಗಳ ಬಳಿಕ ಕೊರೊವಾ ವೆರ್ಮೇಲಿಯ ದಡದಲ್ಲಿ ಬ್ರೆಜಿಲ್‌ನ ಮೊದಲ ಪೂಜೆ ನಡೆಯಿತು. ಪಡೆಯೊಂದಿಗಿದ್ದ ಲಿಪಿಕಾರ ಪೆರು ವಾಸ್ ದಿ ಕಮೀನ್ಯಾ, ಕಂಡ ಜನರನ್ನೂ ನೆಲವನ್ನೂ ಬಣ್ಣಿಸಿ ಮೇ 1ರಂದು ದೊರೆಗೆ ದೀರ್ಘ ಪತ್ರ ಬರೆದ. ಒಂದು ಹಡಗು ಅದನ್ನು ಹೊತ್ತು ಲಿಸ್ಬನ್‌ಗೆ ಮರಳಿತು. ಉಳಿದವು ಭಾರತದ ಕಡೆ ತಿರುಗಿದವು. ದಾರಿಯಲ್ಲಿ ಬಿರುಗಾಳಿಗೆ ಸಿಕ್ಕಿ ಕೆಲವು ಮುಳುಗಿ, ಉಳಿದ ಹಡಗುಗಳು ಆಗಸ್ಟ್‌ನಲ್ಲಿ ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ ತಂಗಿ, ದುರಸ್ತಿ ಮುಗಿಸಿಕೊಂಡು ಕಲ್ಲಿಕೋಟೆ ಸೇರಿದವು. ಅಲ್ಲಿ ಪೋರ್ಚುಗೀಸರ ಕೋಠಿಯ ಮೇಲೆ ದಾಳಿಯಾದಾಗ ಸತ್ತವರಲ್ಲಿ ಕಮೀನ್ಯಾನೂ ಒಬ್ಬ. ಅವನ ಪತ್ರ 1817ರವರೆಗೆ ಅಚ್ಚಾಗಲಿಲ್ಲ.

ಕಬ್ರಾಲ್ ಇಳಿದ ಪೋರ್ಟು ಸೆಗೂರು ಪ್ರದೇಶ ಶತಮಾನಗಳ ಕಾಲ ಬಡವಾಗಿಯೇ ಉಳಿಯಿತು. ಗುಡ್ಡದ ಮೇಲಿನ ಹಳೆಯ ಊರಿನಲ್ಲಿ ಸಣ್ಣ ಇಗರ್ಜಿಗಳೂ ಪೋರ್ಚುಗೀಸ್ ಲಾಂಛನದ ಶಿಲಾಸ್ತಂಭವೂ ಇವೆ. ದಕ್ಷಿಣಕ್ಕಿರುವ ತ್ರಂಕೋಸು ಜೆಸ್ವಿಟರು 16ನೇ ಶತಮಾನದ ಕೊನೆಯಲ್ಲಿ ಕಟ್ಟಿದ ನೆಲೆ. ಉದ್ದನೆಯ ಹಸಿರು ಬಯಲು, ಎರಡು ಬದಿಗೆ ಬಣ್ಣದ ಮನೆಗಳು, ಕೊನೆಯಲ್ಲಿ ಕಡಲಿಗೆ ಬೆನ್ನು ಮಾಡಿ ನಿಂತ ಬಿಳಿ ಇಗರ್ಜಿ. 1970ರ ದಶಕದಲ್ಲಿ ಬಿಆರ್-101 ಹೆದ್ದಾರಿ ಡಾಂಬರು ಕಂಡ ಮೇಲೆ ಈ ತೀರದ ಸ್ಥಿತಿ ಬದಲಾಯಿತು: ಮೊದಲು ಹಿಪ್ಪಿಗಳು, ಆಮೇಲೆ ಹೋಟೆಲುಗಳು, ಕೊನೆಗೆ ಶ್ರೀಮಂತರ ವಿಲ್ಲಾಗಳು.

ಇಲ್ಲಿನ ಮೂಲನಿವಾಸಿ ಪಟಶೊ ಜನರ ಪಾಲಿಗೆ ಈ ಬದಲಾವಣೆ ಸುಲಭದ್ದಾಗಿರಲಿಲ್ಲ. ಅವರ ನೆಲದ ಮೇಲೆಯೇ 1961ರಲ್ಲಿ ಮೊಂಚಿ ಪಾಸ್ಕೊಆಲ್ ರಾಷ್ಟ್ರೀಯ ಉದ್ಯಾನ ಬಂತು. 2000ದ ಏಪ್ರಿಲ್ 22ರಂದು ಸರ್ಕಾರ ‘ಶೋಧನೆ’ಯ 500ನೇ ವರ್ಷವನ್ನು ಆಚರಿಸುತ್ತಿದ್ದಾಗ, ಪ್ರತಿಭಟಿಸಿ ಮೆರವಣಿಗೆ ಹೊರಟ ಮೂಲನಿವಾಸಿಗಳನ್ನು ಪೊಲೀಸರು ಅಶ್ರುವಾಯು ಸಿಡಿಸಿ ಚದುರಿಸಿದರು. ಇಂದು ಕೊರೊವಾ ವೆರ್ಮೇಲಿಯ ಬಳಿ ಜಕೇರಾ ಎಂಬ 827 ಹೆಕ್ಟೇರ್ ಕಾಡನ್ನು ಪಟಶೊಗಳೇ ಕಾಯುತ್ತಾರೆ, ಬಂದವರಿಗೆ ತಾವೇ ಕಥೆ ಹೇಳುತ್ತಾರೆ. ಪೋರ್ಟು ಸೆಗೂರಿನ ಶಿಲಾಸ್ತಂಭಕ್ಕಿಂತ ಆ ಕಾಡಿನಲ್ಲಿ ಕಲಿಯುವುದು ಹೆಚ್ಚು.

ಅಧಿಕಾರದ ಕೇಂದ್ರ ಉತ್ತರದಲ್ಲಿತ್ತು. 1501ರ ನವೆಂಬರ್ 1ರಂದು ಬಂದ ನಾವಿಕರು ಅಲ್ಲಿನ ವಿಶಾಲ ಕೊಲ್ಲಿಗೆ ಆ ದಿನದ ಹಬ್ಬದ ಹೆಸರನ್ನೇ ಕೊಟ್ಟರು: ಸರ್ವಸಂತರ ಕೊಲ್ಲಿ. ಮೊದಲ ಒಡೆಯನಾಗಿ ಬಂದ ಫ್ರಾನ್ಸಿಸ್ಕು ಪೆರೇರಾ ಕೌಚಿನ್ಯು ಮೂಲನಿವಾಸಿ ತುಪಿನಂಬಾ ಜನರ ಕೈಯಲ್ಲಿ ಹತನಾದ. 1549ರ ಮಾರ್ಚ್ 29ರಂದು ಗವರ್ನರ್ ಆಗಿ ತೊಮೆ ದಿ ಸೌಜಾ ಇಳಿದು ಸಾಲ್ವದೊರ್ ನಗರವನ್ನು ಕಟ್ಟಿಸಿದ. ದಿಣ್ಣೆಯ ಮೇಲೆ ಆಡಳಿತ ಮತ್ತು ಇಗರ್ಜಿ, ಕೆಳಗೆ ಬಂದರು ಮತ್ತು ಗೋದಾಮು. ಎರಡನ್ನೂ ಇಂದು ಜೋಡಿಸುವುದು 1873ರಲ್ಲಿ ಆರಂಭವಾದ, 72 ಮೀಟರ್ ಎತ್ತರದ ಲಸೆರ್ಡಾ ಲಿಫ್ಟ್. 1763ರಲ್ಲಿ ರಾಜಧಾನಿ ರಿಯೊಗೆ ಹೋಗುವವರೆಗೂ ಬ್ರೆಜಿಲ್ ಅನ್ನು ಆಳಿದ ನಗರ ಇದು. ಡಚ್ಚರು 1624ರಲ್ಲಿ ಇದನ್ನು ವಶಪಡಿಸಿಕೊಂಡರು. ಮರುವರ್ಷ ಸ್ಪೇನ್ ಮತ್ತು ಪೋರ್ಚುಗಲ್‌ನ ಜಂಟಿ ನೌಕಾಪಡೆ ಮರಳಿ ಗೆದ್ದಿತು.

ನಗರದ ಸಿರಿ ಬಂದದ್ದು ಕೊಲ್ಲಿಯ ಸುತ್ತಲಿನ ರೆಕೊಂಕವು ಎಂಬ ಸೀಮೆಯಿಂದ. ಅದರ ಕಪ್ಪು ಮಣ್ಣಿನಲ್ಲಿ ಕಬ್ಬು, ಹೊಳೆದಂಡೆಗಳಲ್ಲಿ ಆಲೆಮನೆಗಳು, ಕಷೊಯೇರಾ ಸುತ್ತ ತಂಬಾಕು. ಆ ತಂಬಾಕಿನ ಸುರುಳಿಗಳನ್ನು ಪಶ್ಚಿಮ ಆಫ್ರಿಕಾಕ್ಕೆ ಒಯ್ದು ಮನುಷ್ಯರನ್ನು ಕೊಂಡು ತರುತ್ತಿದ್ದರು. ಬಹಿಯಾಕ್ಕೆ ಹೀಗೆ ಬಂದವರು ಹತ್ತು ಲಕ್ಷಕ್ಕೂ ಹೆಚ್ಚು. ಇಂದು ಪ್ರವಾಸಿಗರು ಫೋಟೊ ತೆಗೆದುಕೊಳ್ಳುವ ಪೆಲೊರಿನ್ಯು ಬಡಾವಣೆಗೆ ಆ ಹೆಸರು ಬಂದದ್ದು ಗುಲಾಮರನ್ನು ಕಟ್ಟಿ ಥಳಿಸುತ್ತಿದ್ದ ಕಂಬದಿಂದ. ಚಿನ್ನದ ಹಾಳೆ ಹೊದಿಸಿದ ಮರದ ಕೆತ್ತನೆಗಳ ಸಾವೊ ಫ್ರಾನ್ಸಿಸ್ಕು ಇಗರ್ಜಿ ಅಲ್ಲಿಂದ ಕೂಗಳತೆ ದೂರದಲ್ಲಿದೆ. ಇಳಿಜಾರಿನಲ್ಲಿ ನಿಂತ ರೊಸಾರಿಯು ದುಸ್ ಪ್ರೆತುಸ್ ಇಗರ್ಜಿಯನ್ನು 18ನೇ ಶತಮಾನದಲ್ಲಿ ಕಪ್ಪು ಜನರ ಸಹೋದರ ಸಂಘವೇ ಕಟ್ಟಿಕೊಂಡಿತು. ಎರಡನ್ನೂ ಒಂದೇ ದಿನ ನೋಡಬೇಕು.

ದಬ್ಬಾಳಿಕೆಗೆ ಉತ್ತರವೂ ಈ ಬೀದಿಗಳಲ್ಲೇ ಹುಟ್ಟಿತು. ಸಮಾನತೆ ಕೇಳಿದ 1798ರ ಸಂಚಿಗಾಗಿ ಇಬ್ಬರು ಸೈನಿಕರನ್ನೂ ಇಬ್ಬರು ದರ್ಜಿಗಳನ್ನೂ ಮರುವರ್ಷ ಪಿಯೆದಾದಿ ಚೌಕದಲ್ಲಿ ಗಲ್ಲಿಗೇರಿಸಲಾಯಿತು. 1835ರ ಜನವರಿಯಲ್ಲಿ, ರಂಜಾನ್ ತಿಂಗಳ ಕೊನೆಯಲ್ಲಿ, ಆಫ್ರಿಕನ್ ಮುಸ್ಲಿಮರು ದಂಗೆಯೆದ್ದರು. ಅವರ ಬಳಿ ಅರಬ್ಬಿ ಬರಹದ ಹಾಳೆಗಳು ಸಿಕ್ಕವು. ಗುಲಾಮಗಿರಿ ಕಾನೂನಿನಿಂದ ಅಳಿದದ್ದು 1888ರಲ್ಲಿ, ಅಮೆರಿಕ ಖಂಡಗಳಲ್ಲಿ ಎಲ್ಲಕ್ಕಿಂತ ಕೊನೆಗೆ.

ಹೊರಗಿನ ಪ್ರವಾಸಿಗಳ ಕಣ್ಣಿಗೆ ಇಲ್ಲಿನ ಸೊಬಗು ಮತ್ತು ಕ್ರೌರ್ಯ ಎರಡೂ ಒಟ್ಟಿಗೇ ಬಿದ್ದವು. 1832ರ ಫೆಬ್ರವರಿ ಕೊನೆಯಲ್ಲಿ ಬೀಗಲ್ ಹಡಗಿನಿಂದ ಇಳಿದ ಚಾರ್ಲ್ಸ್ ಡಾರ್ವಿನ್ ಬಹಿಯಾದ ಮಳೆಕಾಡಿಗೆ ಮಾರುಹೋದ. ಗುಲಾಮಗಿರಿಯ ವಿಷಯವಾಗಿ ಕ್ಯಾಪ್ಟನ್ ಫಿಟ್ಜ್‌ರಾಯ್ ಜೊತೆ ಜಗಳವಾಡಿದ್ದೂ ಅಲ್ಲಿಯೇ. 1946ರಲ್ಲಿ ಬಂದ ಫ್ರೆಂಚ್ ಛಾಯಾಗ್ರಾಹಕ ಪಿಯೆರ್ ವೆರ್ಜೆ ಇಲ್ಲೇ ನೆಲೆನಿಂತು, ಬಹಿಯಾ ಮತ್ತು ಬೆನಿನ್ ಕೊಲ್ಲಿಯ ನಂಟನ್ನು ಬದುಕಿಡೀ ಅಧ್ಯಯನ ಮಾಡಿದ.

ಆ ನಂಟು ಬೀದಿಯಲ್ಲೂ ಬೀಚಿನಲ್ಲೂ ಜೀವಂತ. ಬಿಳಿ ಉಡುಪಿನ ಬಾಯಾನಾ ಮಹಿಳೆಯರು ಅಲಸಂದೆ ಹಿಟ್ಟನ್ನು ತಾಳೆಎಣ್ಣೆಯಲ್ಲಿ ಕರಿದು ಮಾರುವ ಅಕರಜೆ, ನಮ್ಮ ಅಲಸಂದೆ ವಡೆಯ ದೂರದ ನೆಂಟನಂತಿದೆ. ಫೆಬ್ರವರಿ 2ರಂದು ಸಾಲ್ವದೊರ್‌ನ ರಿಯು ವೆರ್ಮೇಲ್ಯು ತೀರದಲ್ಲಿ ಕಡಲದೇವತೆ ಯೆಮಾಂಜಾಳಿಗೆ ಹೂವಿನ ಬುಟ್ಟಿ ತೇಲಿಬಿಡಲು ಸಾವಿರಾರು ಜನ ಸೇರುತ್ತಾರೆ. ಬಾರ್ರಾ ತುದಿಯ ಕೋಟೆಯಲ್ಲಿ 1698ರಿಂದ ದೀಪಸ್ತಂಭವಿದೆ. ಒಳಗಿನ ವಸ್ತುಸಂಗ್ರಹಾಲಯ 1668ರಲ್ಲಿ ಮುಳುಗಿದ ಸಕ್ರಮೆಂತು ಹಡಗಿನ ಸಾಮಗ್ರಿಗಳನ್ನು ತೋರಿಸುತ್ತದೆ, ಹತ್ತಿರದಲ್ಲೇ ಜನ ಈಜಾಡುತ್ತಿರುತ್ತಾರೆ. ಉತ್ತರಕ್ಕೆ ಪ್ರಾಯಾ ದು ಫೋರ್ಟಿಯಲ್ಲಿ ಗಾರ್ಸಿಯಾ ದಾವಿಲಾ ಮನೆತನದ ಗಢಿಯ ಪಾಳುಗೋಡೆಗಳೂ ಕಡಲಾಮೆಗಳನ್ನು ಕಾಯುವ ತಮಾರ್ ಯೋಜನೆಯ ಕೇಂದ್ರವೂ ಇವೆ. ಏಪ್ರಿಲ್‌ನಿಂದ ಜುಲೈವರೆಗೆ ಮಳೆ ಜಾಸ್ತಿ. ಬಿಸಿಲು ಬೇಕಾದವರು ಸೆಪ್ಟೆಂಬರ್ ನಂತರ ಹೋಗುವುದು ಒಳ್ಳೆಯದು.

ಪರಂಪರೆಯ ರಕ್ಷಣೆಯ ಕಥೆ ಮಾತ್ರ ನೋಯಿಸುವಂಥದ್ದು. 1933ರಲ್ಲಿ ಟ್ರಾಮ್ ಹಳಿಗಾಗಿ ಹಳೆಯ ಸೆ ಪ್ರಧಾನ ಇಗರ್ಜಿಯನ್ನೇ ಕೆಡವಿದರು. ಪೆಲೊರಿನ್ಯು ಹಾಳುಬಿದ್ದು ಬಡವರ ವಠಾರವಾಯಿತು. ಜಾರ್ಜ್ ಅಮಾದು ಅದನ್ನು ಕಾದಂಬರಿಗೆ ತಂದ. ಯುನೆಸ್ಕೊ 1985ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 1990ರ ದಶಕದಲ್ಲಿ ಗೋಡೆಗಳಿಗೆ ಹೊಸ ಬಣ್ಣ ಬಂತು, ಆದರೆ ವಾಸವಿದ್ದ ಸಾವಿರಾರು ಬಡವರನ್ನು ಒಕ್ಕಲೆಬ್ಬಿಸಲಾಯಿತು. ಜನರಿಲ್ಲದ ಪರಂಪರೆ ಬರಿಯ ರಂಗಸಜ್ಜಿಕೆ; ಆ ತಪ್ಪಿನ ಬೆಲೆಯನ್ನು ಬಡಾವಣೆ ಈಗಲೂ ತೆರುತ್ತಿದೆ. 2025ರ ಫೆಬ್ರವರಿ 5ರಂದು ಸಾವೊ ಫ್ರಾನ್ಸಿಸ್ಕು ಇಗರ್ಜಿಯ ಚಾವಣಿಯ ಒಂದು ಭಾಗ ಕುಸಿದು ಪ್ರವಾಸಿಯೊಬ್ಬರು ಸತ್ತರು, ಕೆಲವರು ಗಾಯಗೊಂಡರು. ಚಿನ್ನದ ಹೊಳಪಿಗೆ ಸಿಗುವ ಗಮನ ಅದನ್ನು ಹೊತ್ತ ಮರದ ತೊಲೆಗಳಿಗೂ ಸಿಗಬೇಕು.