ಶಾಲೆಯ ಹೊಸ್ತಿಲು

ಜೂನ್ ಬಂತೆಂದರೆ ಮನೆಮನೆಯಲ್ಲೂ ಶಾಲೆಯದೇ ಮಾತು. ಯಾವ ಶಾಲೆ ಒಳ್ಳೆಯದು, ಫೀಸು ಎಷ್ಟು, ಸೀಟು ಸಿಕ್ಕೀತೇ ಎಂದು ತಾಯಂದಿರಿಗೆ ಚಿಂತೆ. 1856ರ ಜೂನ್ ತಿಂಗಳಲ್ಲಿ ಧಾರವಾಡದ ಹುಡುಗನೊಬ್ಬನಿಗೂ ಶಾಲೆಯದೇ ಚಿಂತೆಯಾಗಿತ್ತು. ಅವನು ಮಹಾರ ಜಾತಿಯವನು. ಸರಕಾರಿ ಶಾಲೆಯವರು ಅವನನ್ನು ಸೇರಿಸಿಕೊಳ್ಳಲಿಲ್ಲ. ಅವನು ಸುಮ್ಮನಾಗಲಿಲ್ಲ, ಮುಂಬಯಿ ಸರಕಾರಕ್ಕೇ ಅರ್ಜಿ ಹಾಕಿದ. ಆಗ ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು.

ವಿದ್ಯೆ ಜನಸಾಮಾನ್ಯರಿಗೂ ತಲುಪಬೇಕೆಂದು ವುಡ್ ಸಾಹೇಬರ ಶಿಕ್ಷಣ ಪತ್ರ 1854ರಲ್ಲೇ ಹೇಳಿತ್ತು. ಆದರೂ ಮುಂಬಯಿ ಸರಕಾರದ ಉತ್ತರ ನೋಡಿ: ನ್ಯಾಯವೇನೋ ಹುಡುಗನ ಕಡೆಗಿದೆ, ಆದರೆ ಇವನೊಬ್ಬನಿಗಾಗಿ ಬಾಗಿಲು ತೆರೆದರೆ ಶಾಲೆಯೇ ಉಳಿದವರ ಪಾಲಿಗೆ ನಿಷ್ಪ್ರಯೋಜಕವಾದೀತು! ಈ ವಿಷಯ ಮೇಲಿನ ಗವರ್ನರ್ ಜನರಲ್ ಸರಕಾರದವರೆಗೂ ಹೋಯಿತು. ಸರಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರತಕ್ಕದ್ದು ಎಂದು 1858ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು ಬರೆದರು. ತತ್ವ ಗೆದ್ದಿತು. ಆದರೆ ಊರೂರಿನ ಶಾಲೆಗಳಲ್ಲಿ ಅದು ಆಚರಣೆಗೆ ಬರಲಿಲ್ಲ. 1882ರಲ್ಲಿ ಹಂಟರ್ ಆಯೋಗ ಅದೇ ತತ್ವವನ್ನು ಮತ್ತೊಮ್ಮೆ ಸಾರಬೇಕಾಯಿತು.

ಸರಕಾರ ಹಿಂದೆಮುಂದೆ ನೋಡುತ್ತಿದ್ದ ಕಾಲದಲ್ಲೇ ಹೊಸ್ತಿಲು ದಾಟಿಸಿದವರೂ ಇದ್ದರು. 1848ರಲ್ಲಿ ಪುಣೆಯಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳ ಶಾಲೆ ತೆರೆದರು. ಮುಂದೆ ಅಸ್ಪೃಶ್ಯರೆನಿಸಿದವರ ಮಕ್ಕಳಿಗೂ ಕಲಿಸಿದರು. ದಾರಿಯಲ್ಲಿ ಸೆಗಣಿ ಎರಚುವವರಿದ್ದುದರಿಂದ ಸಾವಿತ್ರಿಬಾಯಿ ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡೇ ಹೋಗುತ್ತಿದ್ದರಂತೆ. ಕಾನೂನು ಮಾಡದ ಕೆಲಸವನ್ನು ಆ ಎರಡನೆಯ ಸೀರೆ ಮಾಡಿತು. 1892ರಲ್ಲಿ ಮಂಗಳೂರಿನಲ್ಲಿ ಕುದ್ಮಲ್ ರಂಗರಾಯರು ದಲಿತ ಮಕ್ಕಳಿಗಾಗಿ ಶಾಲೆ ತೆರೆದು ಸ್ವಜಾತಿಯವರ ಸಿಟ್ಟಿಗೆ ಗುರಿಯಾದರು.

ಸ್ವತಂತ್ರ ಭಾರತದಲ್ಲಿ 2002ರ ಸಂವಿಧಾನ ತಿದ್ದುಪಡಿ ಮತ್ತು 2009ರ ಕಾಯಿದೆ 6ರಿಂದ 14 ವರ್ಷದ ಪ್ರತಿ ಮಗುವಿಗೂ ಶಿಕ್ಷಣವನ್ನು ಹಕ್ಕಾಗಿಸಿದವು. ಇಂದು ಸರಕಾರಿ ಶಾಲೆ ಜಾತಿ ನೆಪದಲ್ಲಿ ಯಾವ ಮಗುವನ್ನೂ ಹಿಂದಕ್ಕೆ ಕಳಿಸುವಂತಿಲ್ಲ. ಆದರೆ ಅನುಕೂಲಸ್ಥರು ಒಬ್ಬೊಬ್ಬರಾಗಿ ಆ ಶಾಲೆಯಿಂದ ಎದ್ದು ಬೇರೆ ಕಡೆ ಹೋಗುತ್ತಿದ್ದಾರೆ. ಅಂದು ಮುಂಬಯಿ ಸರಕಾರ ಹೆದರಿದ್ದು ಹೀಗೆ, ಸದ್ದಿಲ್ಲದೆ ನಿಜವಾಗುತ್ತಿದೆ. ಬಾಗಿಲು ತೆರೆದಿದೆ; ಒಂದೇ ಬೆಂಚಿನಲ್ಲಿ ಪಕ್ಕಕ್ಕೆ ಕೂರುವವರು ಮಾತ್ರ ಕಡಿಮೆಯಾಗುತ್ತಿದ್ದಾರೆ. ಧಾರವಾಡದ ಆ ಹುಡುಗ ಅರ್ಜಿ ಹಾಕಿದ್ದು ತನಗೆಂದೇ ಬೇರೆ ಶಾಲೆ ಬೇಕೆಂದಲ್ಲ, ಎಲ್ಲರ ಶಾಲೆಯೊಳಗೆ ತನಗೂ ಒಂದು ಜಾಗ ಬೇಕೆಂದು. ಮಕ್ಕಳನ್ನು ಶಾಲೆಗೆ ಸೇರಿಸುವ ತಾಯಂದಿರು ಇಷ್ಟನ್ನು ನೆನಪಿಟ್ಟರೂ ಆ ಅರ್ಜಿಗೆ ಅರ್ಧ ಉತ್ತರ ಕೊಟ್ಟಂತೆ.