ಹೋಸ್ಟ್‌ನೇಮ್ ಬದಲಾವಣೆ (ನೆಟ್‌ವರ್ಕ್‌ಮ್ಯಾನೇಜರ್)

ಲಿನಕ್ಸ್ ಗಣಕಕ್ಕೆ ಬಳಕೆದಾರರು ಇಟ್ಟ ಹೆಸರನ್ನು ಜಾಲ ನಿರ್ವಹಣಾ ತಂತ್ರಾಂಶವು ತಾನಾಗಿಯೇ ಬದಲಿಸುವ ತೊಂದರೆ. ರೆಡ್ ಹ್ಯಾಟ್ ಸಂಸ್ಥೆ 2004ರಲ್ಲಿ ಆರಂಭಿಸಿದ ನೆಟ್‌ವರ್ಕ್‌ಮ್ಯಾನೇಜರ್ ಇಂಥದ್ದೊಂದು ತಂತ್ರಾಂಶ.

ಹಳ್ಳಿಮೈಸೂರಿನ ಕಚೇರಿಯೊಂದರ ಗಣಕಕ್ಕೆ ‘ಹೇಮಾವತಿ’ ಎಂದು ರೋಮನ್ ಅಕ್ಷರಗಳಲ್ಲಿ ಹೆಸರಿಟ್ಟರು ಎನ್ನೋಣ. ಆ ಹೆಸರು ‘/ಇಟಿಸಿ/ಹೋಸ್ಟ್‌ನೇಮ್’ ಕಡತದಲ್ಲಿ ದಾಖಲಾಗದೆ ಚಾಲನೆಯಲ್ಲಿರುವ ವ್ಯವಸ್ಥೆಯಲ್ಲಷ್ಟೇ ಉಳಿದರೆ, ಅಥವಾ ಕಡತದಲ್ಲಿ ‘ಲೋಕಲ್‌ಹೋಸ್ಟ್’ ಎಂದೇ ಇದ್ದರೆ, ತಂತ್ರಾಂಶವು ಹೆಸರನ್ನು ಹೊರಗೆ ಹುಡುಕುತ್ತದೆ. ಮೊದಲು, ಜಾಲದಲ್ಲಿ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್ 12ನೇ ಆಯ್ಕೆಯಲ್ಲಿ ಕಳುಹಿಸಿದ ಹೆಸರು. ಅದಿಲ್ಲದಿದ್ದರೆ ಐಪಿ ವಿಳಾಸದಿಂದ, ಹೆಸರು-ವಿಳಾಸಗಳನ್ನು ಜೋಡಿಸುವ ಡಿಎನ್‌ಎಸ್‌ನಲ್ಲಿ ಹಿಮ್ಮುಖವಾಗಿ ಹುಡುಕಿ ಸಿಕ್ಕಿದ ಹೆಸರು.

ಇದು ಮೇಲ್ನೋಟಕ್ಕೆ ಸಣ್ಣ ಸಂಗತಿ, ಪರಿಣಾಮ ಸಣ್ಣದಲ್ಲ. ಎಕ್ಸ್ ವಿಂಡೋ ವ್ಯವಸ್ಥೆಯ ಅನುಮತಿ ದಾಖಲೆಯಲ್ಲಿ ಗಣಕದ ಹೆಸರೂ ಸೇರಿರುವುದರಿಂದ, ಕೆಲಸದ ನಡುವೆ ಹೆಸರು ಬದಲಾದರೆ ಹೊಸ ಕಿಟಕಿಗಳು ತೆರೆಯದೇ ಹೋಗಬಹುದು. ‘ಸುಡೋ’ ಆದೇಶವು ಗಣಕದ ಹೆಸರೇ ಸಿಗುತ್ತಿಲ್ಲವೆಂದು ದೂರಬಹುದು.

ದುರಸ್ತಿಗೆ ಮುನ್ನ ಕಾರಣ ತಿಳಿಯಬೇಕು. ನೆಟ್‌ವರ್ಕ್‌ಮ್ಯಾನೇಜರ್‌ನ ಲಾಗ್‌ನಲ್ಲಿ ಹೆಸರು ಡಿಎಚ್‌ಸಿಪಿಯಿಂದ ಬಂತೇ, ವಿಳಾಸದ ಹುಡುಕಾಟದಿಂದ ಬಂತೇ ಎಂಬುದು ಸ್ಪಷ್ಟವಾಗಿ ದಾಖಲಾಗಿರುತ್ತದೆ. ಊಹೆಗಿಂತ ಇದನ್ನು ನಂಬುವುದು ಮೇಲು. ‘ಹೋಸ್ಟ್‌ನೇಮ್‌ಸಿಟಿಎಲ್’ ಆದೇಶದಿಂದ ಸ್ಥಿರ ಹೆಸರು ಕೊಟ್ಟರೆ ಬಹುತೇಕ ಸಂದರ್ಭಗಳಲ್ಲಿ ತೊಂದರೆ ತೀರುತ್ತದೆ. ಸ್ಥಿರ ಹೆಸರಿಲ್ಲದೆಯೂ ಹಸ್ತಕ್ಷೇಪ ಬೇಡವಾದಲ್ಲಿ, ಸಂರಚನಾ ಕಡತದ ‘ಮೇನ್’ ವಿಭಾಗದಲ್ಲಿ ‘ಹೋಸ್ಟ್‌ನೇಮ್-ಮೋಡ್’ ಅನ್ನು ‘ನನ್’ ಎಂದು ಬರೆದು ಸೇವೆಯನ್ನು ಮರುಚಾಲನೆ ಮಾಡಬೇಕು. ಕ್ಲೌಡ್ ಸರ್ವರ್‌ಗಳಲ್ಲಿ ಹೆಸರು ಬದಲಿಸುವುದು ‘ಕ್ಲೌಡ್-ಇನಿಟ್’ ಎಂಬ ತಂತ್ರಾಂಶ ಕೂಡ ಆಗಿರಬಹುದು. ಅದಕ್ಕೆ ‘ಪ್ರಿಸರ್ವ್_ಹೋಸ್ಟ್‌ನೇಮ್’ ಎಂಬ ಪ್ರತ್ಯೇಕ ಆಯ್ಕೆಯಿದೆ.